ಬಟ್ಟೆಹಗ್ಗದ ಸರ್ಕಾರ

"ಅವಾಲೆ, ನೀನು ಕೈ ಎತ್ತಿದ್ರೆ ಈ ಊರಲ್ಲಿ ಒಂದು ಮೇಕೆ ಕೂಡ ನಿಲ್ಲಲ್ಲ ಕಣೋ!"

ಅಂದವನು ಸ್ವಂತ ಹೆಂಡತಿಯ ಅಣ್ಣ, ವರ್ಸಮೆ. ಅಂದದ್ದು ಮನೆಯೊಳಗೆ ಬಾಗಿಲು ಹಾಕಿಕೊಂಡಲ್ಲ. ಮೊಗದಿಶುವಿನ ಅಂಚಿನ ಚಹಾದಂಗಡಿಯಲ್ಲಿ, ಶುಕ್ರವಾರ ಬೆಳಿಗ್ಗೆ, ಇಡೀ ಕೇರಿ ಚಾಪೆಯ ಮೇಲೆ ಕೂತು ಒಂಟೆಹಾಲಿನ ಚಹಾ ಹೀರುತ್ತಿದ್ದಾಗ.

ಅವಾಲೆ ಒಂದು ಕಾಲದಲ್ಲಿ ಟ್ರಾಫಿಕ್ ಪೊಲೀಸು. ದೊಡ್ಡ ವೃತ್ತದಲ್ಲಿ ನಿಂತು ಬಲಗೈ ಎತ್ತಿದರೆ ಮಂತ್ರಿಯ ಕಾರೂ ನಿಲ್ಲುತ್ತಿತ್ತು, ಹಾಗಂತ ಅವನೇ ಹೇಳುತ್ತಿದ್ದ. ಆಮೇಲೆ ಸರ್ಕಾರ ಬಿತ್ತು. ಬಿದ್ದ ದಿನ ಯಾರೂ ಅತ್ತಿರಲಿಲ್ಲ. ಅದೂ ಬಂದೂಕಿನ ಮೇಲೆಯೇ ಕೂತಿತ್ತಲ್ಲ. ಅದರ ಆಸ್ತಿಯನ್ನೆಲ್ಲ ಜನ ಕಿತ್ತುಕೊಂಡು ಹೋದರು. ಕಿಟಕಿ ಕಿತ್ತರು, ಹೆಂಚು ಕಿತ್ತರು, ನೆಲದೊಳಗಿನ ತಂತಿಯನ್ನೂ ಬಿಡಲಿಲ್ಲ. ಅವಾಲೆಯ ಪಾಲಿಗೆ ಉಳಿದದ್ದು ಒಂದು ಸೀಟಿ, ಮತ್ತು ಸುಮ್ಮಸುಮ್ಮನೆ ಮೇಲೇಳುವ ಬಲಗೈ.

ವರ್ಸಮೆಗೆ ಒಂದು ಜನರೇಟರ್ ಇತ್ತು. ಒಂದು ಬಲ್ಬಿಗಿಷ್ಟು ಅಂತ ಮನೆಮನೆಗೆ ಬೆಳಕು ಮಾರುತ್ತಿದ್ದ. ಜನರೇಟರ್ ಇದ್ದವನಿಗೆ ಸಿದ್ಧಾಂತ ಇರದೆ ಇರುತ್ತದೆಯೇ? ದಿನಾ ಚಹಾದ ಜೊತೆ ಅದನ್ನೇ ಬಡಿಸುತ್ತಿದ್ದ.

"ಲೈಟು ನಾನು ಕೊಡ್ತೀನಿ. ನೀರು ಕತ್ತೆಗಾಡಿಯವನು ಕೊಡ್ತಾನೆ. ಫೋನು ಕೊಡೋಕೆ ಮೂರು ಕಂಪನಿ ನಾ ಮುಂದು ತಾ ಮುಂದು ಅಂತ ಕಿತ್ತಾಡ್ತಿವೆ. ಪಾಸ್‌ಪೋರ್ಟು ಸಂತೇಲಿ ಸಿಗತ್ತೆ, ಹೆಸರೂ ನೀನೇ ಇಟ್ಕೊ, ವಯಸ್ಸೂ ನೀನೇ ಬರ್ಕೊ. ಇನ್ನು ಸರ್ಕಾರ ಯಾವ ಸುಡುಗಾಡಿಗೆ ಬೇಕು?"

ಅವನ ತಂತಿಗಳೆಲ್ಲ ಸತ್ತ ಸರ್ಕಾರ ನೆಟ್ಟ ದೀಪದ ಕಂಬಗಳ ಮೇಲೆಯೇ ಹಾದುಹೋಗಿದ್ದವು. ಅದನ್ನು ಯಾರಾದರೂ ಎತ್ತಿ ಆಡಿದರೆ, "ಕಂಬ ಯಾರು ನೆಟ್ರೇನು, ಕರೆಂಟು ಯಾರದು ಹೇಳು" ಅನ್ನುತ್ತಿದ್ದ.

ಅವಾಲೆ ಬಾಯಿಬಿಟ್ಟದ್ದೇ ತಪ್ಪು. "ಅಲ್ಲ ಭಾವ, ಎರಡು ಲಾರಿ ಎದುರುಬದುರು ಬಂದ್ರೆ ಯಾವುದು ಮೊದಲು ಹೋಗ್ಬೇಕು ಅನ್ನೋಕಾದ್ರೂ ಒಬ್ಬ ಬೇಕಲ್ಲ?"

"ಯಾರ ಬಂದೂಕು ದೊಡ್ಡದೋ ಅವನು ಮೊದಲು. ಮಧ್ಯೆ ನೀನ್ಯಾಕೆ? ನೀನು ಕೈ ಎತ್ತಿದ್ರೆ..." ಅಂತ ಶುರುಮಾಡಿ ಆ ಮಾತು ಅಂದೇಬಿಟ್ಟ.

ಹೊತ್ತು ಹೇಗಿತ್ತು ನೋಡಿ, ಅದೇ ಗಳಿಗೆಗೆ ಒಂದು ಮೇಕೆ ಬಂತು. ಇಡೀ ಚಾಪೆ ಅವಾಲೆಯ ಕಡೆ ತಿರುಗಿತು. ಅವಾಲೆ ಎದ್ದು ನಿಂತು ಎದೆ ಸೆಟೆಸಿ ಬಲಗೈ ಎತ್ತಿದ. ಮೇಕೆ ನಿಂತಿತು. ನಿಂತು, ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಅವನ ತಟ್ಟೆಯಲ್ಲಿದ್ದ ಅರ್ಧ ದೋಸೆ ಕಚ್ಚಿಕೊಂಡು ನಡೆದುಹೋಯಿತು.

ನಗು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಚಾಪೆಯಿಂದ ಆಚೆ ಬರಿ ನೆಲದ ಮೇಲೆ ಕೂತು ಚಪ್ಪಲಿ ಹೊಲಿಯುತ್ತಿದ್ದ ಎಲ್ಮಿಯೂ ನಕ್ಕ, ಬಾಯಿಗೆ ಕೈ ಅಡ್ಡ ಹಿಡಿದು. ಅವನ ಕುಲಕ್ಕೆ ಯಾರೂ ಹೆಣ್ಣು ಕೊಡುವುದಿಲ್ಲ, ಅಲ್ಲಿಂದ ಯಾರೂ ತರುವುದಿಲ್ಲ. ಚಪ್ಪಲಿ ಹರಿದಾಗ ಮಾತ್ರ ಅವನು ಎಲ್ಲರಿಗೂ ಎಲ್ಮಿಯಣ್ಣ. ಅಂಥವನು ನಮ್ಮೂರಲ್ಲಿ ನಗುವುದಿದ್ದರೂ ಅಳತೆ ನೋಡಿ ನಗಬೇಕು.

*

ಮನೆಗೆ ಬಂದರೆ ಹೆಂಡತಿ ಅಂಬರೊ ಒದ್ದೆ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಕುದಿಯುತ್ತಿದ್ದಳು.

"ಕೈ ಎತ್ತಿ ಮೇಕೆ ನಿಲ್ಲಿಸೋಕೆ ಹೋಗಿದ್ಯಂತೆ? ಸುದ್ದಿ ನಿನಗಿಂತ ಮುಂಚೆ ಬಂತು. ಆ ಕೈ ಸ್ವಲ್ಪ ಇಲ್ಲೂ ಎತ್ತು, ಹಗ್ಗ ಕಟ್ಟು. ಅಂಗಳದಲ್ಲಿ ಮಾತ್ರ ಬೇಡ. ನಮ್ಮಣ್ಣನ ಜನರೇಟರ್ ಹೊಗೆಗೆ ಬಿಳಿ ಹಾಸು ಹೋಗಿ ಬಾಣಲೆ ತಳ ಆಗಿದೆ."

ಬೆಳಕು ಮಾರುವವನು ಹೊಗೆಯನ್ನು ಪುಕ್ಕಟೆ ಕೊಡುತ್ತಿದ್ದ. ಬೇರೆ ದಾರಿಯಿಲ್ಲದೆ ಅವಾಲೆ ಎಲ್ಮಿ ಹೊಸೆದುಕೊಟ್ಟ ಹೊಸ ಹಗ್ಗವನ್ನು ಮನೆಮುಂದಿನ ಸತ್ತ ದೀಪದ ಕಂಬಕ್ಕೊಂದು ತುದಿ, ರಸ್ತೆಯಾಚೆಯ ಜಾಲಿಮರಕ್ಕೊಂದು ತುದಿ ಬಿಗಿದ. ಅಂಬರೊ ಅದರ ಮೇಲೆ ಎರಡು ಬಿಳಿ ಹಾಸು, ತನ್ನ ಕೆಂಪು ಉಡುಗೆ ಹರವಿ ಕ್ಲಿಪ್ಪು ಹಾಕಿ ಒಳಗೆ ಹೋದಳು.

ನಮ್ಮ ಕಡೆ ರಸ್ತೆಗೆ ಅಡ್ಡ ಹಗ್ಗ ಕಂಡರೆ ಅದು ಸುಂಕದ ಕಟ್ಟೆ. ಇದನ್ನು ಮೊಲೆ ಬಿಡದ ಕೂಸಿಗೂ ಕಲಿಸಬೇಕಾಗಿಲ್ಲ. ನಾಲ್ಕು ಬಂದೂಕು, ಒಂದು ಹಗ್ಗ ಇದ್ದರೆ ಯಾವ ಪೋಕರಿಯೂ ಬೆಳಗಾಗುವುದರೊಳಗೆ ಒಂದು ಕಟ್ಟೆಯ ಯಜಮಾನ. ಹೀಗಿರುವಾಗ ಬಾಳೆಹಣ್ಣಿನ ಲಾರಿಯೊಂದು ತಿರುವಿನಲ್ಲಿ ಬಂದು, ಹಗ್ಗ ಕಂಡು, ಧೂಳೆಬ್ಬಿಸಿ ಗಕ್ಕನೆ ನಿಂತದ್ದರಲ್ಲಿ ಡ್ರೈವರ್ ಲಿಬಾನನ ತಪ್ಪೇನೂ ಇಲ್ಲ.

ಅವನು ಕೆಳಗಿಳಿದು ಎದೆಯ ಮೇಲೆ ಕೈಯಿಟ್ಟ. "ತಪ್ಪು ತಿಳ್ಕೋಬೇಡಿ ಅಣ್ಣ. ಮೊನ್ನೆ ಇಲ್ಲಿ ಕಟ್ಟೆ ಇರ್ಲಿಲ್ಲ, ಅದಕ್ಕೇ ಕಾಸು ತೆಗೆದಿಟ್ಟಿಲ್ಲ. ಹಣ್ಣಿದೆ, ಆಗತ್ತಾ?"

ಲಾರಿಯ ಮುಂದಿನ ಸೀಟಿನಿಂದ ಅವನ ತಾಯಿ ದಹಬೊ ತಲೆ ಹೊರಗೆ ಹಾಕಿದಳು. ಹಲ್ಲು ಕಡಿಮೆ, ಬಾಯಿ ಜೋರು. "ಲೋ ಲಿಬಾನ್, ಇವನ ಮುಖ ಸುಂಕದವನ ಹಾಗಿಲ್ವಲ್ಲೋ! ಬಂದೂಕೆಲ್ಲಿ?"

"ಸುಮ್ನಿರಮ್ಮ! ಬಂದೂಕು ತೋರಿಸ್ದೆ ಇರೋರೇ ದೊಡ್ಡ ಕುಳ. ಬಾವುಟ ನೋಡು, ಕೆಂಪು ಬಿಳಿ!"

ಅವಾಲೆ ಹೇಳಬೇಕಾಗಿದ್ದು ಇಷ್ಟೇ: ಇದು ಬಟ್ಟೆ ಹಗ್ಗ ಕಣಪ್ಪ. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಇಷ್ಟು ವರ್ಷದ ಮೇಲೆ, ಬೆಳಿಗ್ಗೆ ತಾನೇ ಮೇಕೆಯಿಂದ ಮರ್ಯಾದೆ ಕಳಕೊಂಡವನ ಎದುರಿಗೆ, ಆರು ಚಕ್ರದ ಲಾರಿ ಎಂಜಿನ್ ಆರಿಸಿ ಅಪ್ಪಣೆಗೆ ಕಾಯುತ್ತಿತ್ತು. ಅವಾಲೆ ಜೇಬಿಗೆ ಕೈಹಾಕಿ ಸೀಟಿ ತೆಗೆದ. ಮೊಣಕಾಲೆತ್ತರದ ಬಾಳೆಗೊನೆಯನ್ನು ಎರಡೂ ಕೈಯಲ್ಲಿ ಇಸಕೊಂಡ. ಹಗ್ಗ ಬಿಚ್ಚಿ, ಸೀಟಿ ಊದಿ, ಬಲಗೈ ಬೀಸಿದ. ಲಾರಿ ಹೆಂಡತಿಯ ಉಡುಗೆಯ ಮೇಲೆ ಧೂಳು ಚೆಲ್ಲಿ ಹೋಯಿತು.

ಹಣ್ಣಿನ ವಾಸನೆಗೆ ಕೇರಿಯೇ ಹರಿದು ಬಂತು. ಅವಾಲೆ ಧಾರಾಳಿ; ಎಲ್ಲರಿಗೂ ಹಂಚಿದ. ಹಗ್ಗ ಹೊಸೆದ ಉಪಕಾರಕ್ಕೆ ಎಲ್ಮಿಗೂ ಒಂದು ಚಿಕ್ಕದು ಸಿಕ್ಕಿತು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಚಹಾದವಳು ಒಲೆ ಸಮೇತ ಬಂದು ಹಗ್ಗದ ಪಕ್ಕ ಕೂತಿದ್ದಳು. ಕತ್ತೆಗಾಡಿಯವನು, "ಅವಾಲೆಯಣ್ಣ, ಎಡಗಡೆ ಹೋಗ್ಲೋ ಬಲಗಡೆ ಹೋಗ್ಲೋ?" ಅಂತ ವಿನಯದಿಂದ ಕೇಳಿದ. ಅಷ್ಟು ವರ್ಷ ಅವನು ನಡುವೆಯೇ ಹೋಗುತ್ತಿದ್ದ! ಪಕ್ಕದ ಮನೆಯವರು ಚರಂಡಿಯ ಜಗಳ ತಂದರು.

ಕೊನೆಗೆ ವರ್ಸಮೆಯೂ ಬಂದ, ಕೈಯಲ್ಲಿ ಬಲ್ಬು ಹಿಡಿದು.

"ತಂಗಿ ಗಂಡ ಅಂದ್ರೆ ನೀನಪ್ಪ! ಬೆಳಿಗ್ಗೆ ಏನೋ ತಮಾಷೆಗಂದೆ. ಈ ಕಂಬಕ್ಕೆ ಬಲ್ಬು ನಂದು, ಪುಕ್ಕಟೆ. ಕಟ್ಟೆಯಲ್ಲಿ ಅರ್ಧ ಪಾಲು ನಂದು. ನೋಡ್ರಯ್ಯಾ ಎಲ್ಲರೂ, ಇದಕ್ಕೆ ಪೇಟೆ ಅಂತಾರೆ! ಊರಿಗೊಂದು ಕಟ್ಟೆ ಬೇಕಿತ್ತು, ಹುಟ್ಕೊಂತು. ಯಾವ ಸರ್ಕಾರ ಮಾಡ್ತಿತ್ತು ಇದನ್ನ?"

ಅಂಬರೊ ಹೊರಗೆ ಬಂದು ಹಾಸು ಮುಟ್ಟಿ ನೋಡಿದಳು. "ಒಣಗಿದೆ. ಹಗ್ಗ ಬಿಚ್ತೀನಿ."

"ಅಯ್ಯೋ ಬೇಡ!" ಅಂತ ಇಡೀ ಕೇರಿ ಒಂದೇ ಬಾಯಲ್ಲಿ ಕೂಗಿತು.

*

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಲಿಬಾನ್ ನಡೆದುಕೊಂಡು ಬಂದ. ಲಾರಿಯಿಲ್ಲ, ತಾಯಿಯಿಲ್ಲ, ತುಟಿ ಒಡೆದಿತ್ತು.

ಮುರಿದ ಸೇತುವೆಯ ಹತ್ತಿರ ಶಬೇಲನ ಕಟ್ಟೆ. ಶಬೇಲ್ ಅಂದರೆ ಚಿರತೆ. ತಾಯಿ ಇಟ್ಟ ಹೆಸರಲ್ಲ, ಅವನು ಗಳಿಸಿಕೊಂಡದ್ದು. ಅಲ್ಲಿ ಲಿಬಾನ್ ಪಾಪ, "ಹಿಂದಿನ ಹೊಸ ಕಟ್ಟೆಯಲ್ಲಿ ಕೊಟ್ಟು ಬಂದಿದೀನಿ" ಅಂದುಬಿಟ್ಟಿದ್ದ. ನನ್ನ ರಸ್ತೆಯಲ್ಲಿ ಹೊಸ ಕಟ್ಟೆಯೇ? ಶಬೇಲ್ ಲಾರಿ ಹಿಡಿದ. ದಹಬೊ ಇಳಿಯಲು ಒಪ್ಪಲಿಲ್ಲ. ಬಾಗಿಲು ಹಾಕಿಕೊಂಡು ಒಳಗೇ ಕೂತಳು.

"ಸೂರ್ಯ ಮುಳುಗೋದ್ರೊಳಗೆ ಆ ಕೆಂಪು ಬಾವುಟದವನು ತಾನೇ ಬರಬೇಕಂತೆ. ಬರದಿದ್ರೆ ಲಾರಿಗೆ ಬೆಂಕಿ ಇಡ್ತಾನಂತೆ, ಅಮ್ಮ ಇಳಿದ್ರೂ ಸರಿ ಇಳೀದಿದ್ರೂ ಸರಿ. ಆಮೇಲೆ ಇಲ್ಲಿಗೆ ಬರ್ತಾನಂತೆ," ಅಂದು ಲಿಬಾನ್ ಅವಾಲೆಯ ಅಂಗಿ ಹಿಡಿದ. "ನೀನು ನನ್ನ ಹಣ್ಣು ತಿಂದಿದೀಯ. ನೀನೇ ನನ್ನ ಅಬ್ಬಾನ್. ನಡಿ!"

ಅಬ್ಬಾನ್ ಅನ್ನುವ ಮಾತು ಕೇಳಿ ಚಹಾದವಳು ಒಲೆ ಎತ್ತಿಕೊಂಡಳು. ಮುತ್ತಾತಂದಿರು ಒಂಟೆಸಾಲು ಕಟ್ಟಿ ತಿರುಗುತ್ತಿದ್ದ ಕಾಲದ ಕಟ್ಟಳೆ ಅದು. ದಾರಿಹೋಕನ ಕೈಯಿಂದ ಒಂದು ಖರ್ಜೂರ ತೆಗೆದುಕೊಂಡರೂ ಸಾಕು, ಅವನ ತಲೆ ಕಾಯುವುದು ತೆಗೆದುಕೊಂಡವನ ಹೊಣೆ. ಕೈಬಿಟ್ಟರೆ ಅವನಿಗೆ ಮಾತ್ರವಲ್ಲ, ಅವನ ಕುಲಕ್ಕೇ ಏಳು ತಲೆ ನಾಚಿಕೆ.

ಜಾಲಿಮರದ ಕೆಳಗೆ ಪಂಚಾಯಿತಿ ಸೇರಿತು. ಹಿರಿಯ ಹಾಜಿ ಕೊಶಿನ್ ಜಪಮಣಿ ಎಣಿಸುತ್ತ ಕಣ್ಣುಮುಚ್ಚಿ ಕೇಳಿದ.

"ಹಾಜಿ, ಖುದಾನಾಣೆ, ಅದು ಬಟ್ಟೆ ಹಗ್ಗ!" ಅಂದ ಅವಾಲೆ.

"ಹಣ್ಣು ಇಸಕೊಂಡ್ಯಾ?"

"ಇಸಕೊಂಡೆ."

"ಬಟ್ಟೆ ಹಗ್ಗಕ್ಕೆ ಯಾರಾದ್ರೂ ಬಾಳೆಗೊನೆ ಕೊಡ್ತಾರೇನಪ್ಪ?"

"ಇವನು ಕೊಟ್ನಲ್ಲ!"

"ಹಾಗಾದ್ರೆ ಅದು ಬಟ್ಟೆ ಹಗ್ಗ ಅಲ್ಲ." ಹಾಜಿ ಒಂದು ಮಣಿ ಸರಿಸಿದ. "ಹಣ್ಣು ತಿಂದ ಕುಲದವರೆಲ್ಲ ಇವನ ಬೆನ್ನಿಗೆ ಹೊಣೆ. ಯಾರ್ಯಾರು ತಿಂದ್ರಿ?"

ತಟ್ಟನೆ ಊರಲ್ಲಿ ಯಾರೂ ಬಾಳೆಹಣ್ಣೇ ತಿಂದಿರಲಿಲ್ಲ. ಒಬ್ಬನಿಗೆ ಬಾಳೆಹಣ್ಣು ಶೀತ, ಇನ್ನೊಬ್ಬನಿಗೆ ಉಪವಾಸ. ಕತ್ತೆಗಾಡಿಯವನು ಕತ್ತೆಯ ಕಡೆ ಬೆರಳು ತೋರಿಸಿದ. ಸಿಪ್ಪೆಯ ಸಾಕ್ಷಿ ಹೇಳೋಣವೆಂದರೆ, ಬೆಳಗಿನ ಆ ಮೇಕೆ ಅದನ್ನೂ ತಿಂದು ಮುಗಿಸಿತ್ತು.

ನೆಲದ ಮೇಲಿಂದ ಎಲ್ಮಿ ಒಬ್ಬನೇ ಕೈಯೆತ್ತಿದ. "ನಾನೊಂದು ತಿಂದೆ ಹಾಜಿ. ನಾನೂ ಹೋಗ್ತೀನಿ."

"ನೀನು ಸುಮ್ನಿರಪ್ಪ. ನಿನ್ನ ಲೆಕ್ಕ ಇಲ್ಲಿಲ್ಲ," ಅಂದ ಹಾಜಿ, ಬೈದದ್ದಲ್ಲ, ಸಹಜವಾಗಿಯೇ. ಎಲ್ಮಿ ಕೈ ಇಳಿಸಿದ.

ವರ್ಸಮೆ ಫೋನು ತೆಗೆದ. "ಯಾಕೆ ಒದ್ದಾಡ್ತೀರಿ? ಕಾವಲು ಕಂಪನಿ ಅಂತ ಇದೆ. ಕಾಸು ಬಿಸಾಕಿದ್ರೆ ಗನ್ನು ಸಮೇತ ಹುಡುಗರು ಬರ್ತಾರೆ. ಹಲೋ! ಹಾಂ, ಮುರಿದ ಸೇತುವೆಗೆ. ಶಬೇಲ್ ಅಂತ... ಏನು? ನಿಮ್ಮ ಗಿರಾಕಿನಾ?" ಅವನ ದನಿ ಇಳಿಯುತ್ತ ಬಂತು. "ಅಲ್ಲಿರೋ ಹುಡುಗರೂ ನಿಮ್ಮೋರೇನಾ? ಹಾಂ... ಹಾಂ..."

"ಏನಂತೆ ಭಾವ?"

"ಅವರ ಹುಡುಗರೇ ಹೊಡೀಬೇಕಾದ್ರೆ ನಿನಗೆ ಮಾತ್ರ ಮೆತ್ತಗೆ ಹೊಡೀತಾರಂತೆ. ಅದಕ್ಕೆ ಬೇರೆ ರೇಟು."

ಅಂಬರೊ ಹಗ್ಗ ಬಿಚ್ಚಿ ಸುರುಳಿ ಸುತ್ತಿ ಗಂಡನ ಹೆಗಲಿಗೆ ಹಾಕಿದಳು. "ತಗೊಂಡ್ಹೋಗಿ ತೋರಿಸು. ಕ್ಲಿಪ್ಪು ಬಿಚ್ಚಿಲ್ಲ, ಹಾಗೇ ಇವೆ. ಕಣ್ಣಿದ್ರೆ ನೋಡ್ಲಿ." ಆಮೇಲೆ ತಿರುಗಿ ನಿಂತು ಅಂದಳು, "ಅನ್ನ ಮಾಡಿಡ್ತೀನಿ. ಬಾ." ಆ "ಬಾ" ಅನ್ನುವಾಗ ಅವಳ ದನಿ ಒಡೆಯಿತು. ಅವಾಲೆ ಸೀಟಿ ಜೇಬಲ್ಲಿದೆಯೇ ಅಂತ ಮುಟ್ಟಿ ನೋಡಿಕೊಂಡು ಹೊರಟ.

*

ಸೇತುವೆಯ ಹತ್ತಿರ ಮೆಷಿನ್‌ಗನ್ ಕೂರಿಸಿದ ಒಂದು ಗಾಡಿ, ಅದರ ನೆರಳಲ್ಲಿ ಖಾತ್ ಅನ್ನುವ ಅಮಲಿನ ಎಲೆ ಜಗಿಯುತ್ತ ಕೆನ್ನೆ ಉಬ್ಬಿಸಿಕೊಂಡ ಹುಡುಗರು. ಲಾರಿಯ ಪಕ್ಕದಲ್ಲಿ ಪೆಟ್ರೋಲಿನ ಡಬ್ಬ ಮುಚ್ಚಳ ತೆಗೆದು ಇಟ್ಟಿತ್ತು. ಒಳಗಿನಿಂದ ದಹಬೊಳ ಬೈಗುಳ ನಿಲ್ಲದೆ ಬರುತ್ತಿತ್ತು. ಆಗ ಅವಳು ಶಬೇಲನ ಅಜ್ಜನ ನಡತೆಯವರೆಗೆ ಬಂದಿದ್ದಳು. ಸೂರ್ಯ ಒಂದಾಳೆತ್ತರ ಉಳಿದಿದ್ದ.

"ಕೆಂಪು ಬಾವುಟದವನು ನೀನಾ?" ಶಬೇಲ್ ಎದ್ದು ಬಂದ. "ನಿನ್ನ ಗನ್ನೆಲ್ಲಿ? ನಿನ್ನ ಜನ ಎಲ್ಲಿ ಅಡಗಿದಾರೆ?"

"ಜನ ಯಾರೂ ಇಲ್ಲ ಅಣ್ಣ. ಹೆಂಡತಿ ಇದಾಳೆ. ಬಾವುಟ ಅವಳದೇ."

ಶಬೇಲ್ ಕಣ್ಣು ಕಿರಿದು ಮಾಡಿದ. ಇಷ್ಟು ಧೈರ್ಯವಾಗಿ ಸುಳ್ಳು ಹೇಳುವವನನ್ನು ಅವನು ನೋಡಿರಲಿಲ್ಲ.

"ನೋಡಿ ಅಣ್ಣ, ಇದು ಹಗ್ಗ," ಅಂತ ಅವಾಲೆ ಹೆಗಲಿನಿಂದ ಸುರುಳಿ ತೆಗೆದು ಎರಡು ಕೈಯಲ್ಲಿ ಮುಂದೆ ಹಿಡಿದ. "ಬರೀ ಹಗ್ಗ!"

"ನನ್ನನ್ನ ಕಟ್ಟಿಹಾಕೋಕೆ ಹಗ್ಗ ಹಿಡ್ಕೊಂಡು ಬಂದಿದೀಯಾ?"

ಸುಂಕದವನ ಮುಂದೆ ಸುಖದುಃಖ ಹೇಳಬಾರದು ಅಂತ ಹಿರಿಯರು ಸುಮ್ಮನೆ ಅಂದಿಲ್ಲ. ಬಂದೂಕಿನ ಬಾಯಿ ಅವಾಲೆಯ ಎದೆಗೆ ಬಂತು. ಅವನ ಬಲಗೈ ತನ್ನಷ್ಟಕ್ಕೆ ಮೇಲೆದ್ದಿತು, ಎಡಗೈ ಗಾಬರಿಯಲ್ಲಿ ಸೀಟಿಯನ್ನು ಬಾಯಿಗೆ ತುರುಕಿತು. ಪೀ ಅಂತ ಊದಿದ ರಭಸಕ್ಕೆ ಹುಡುಗರೆಲ್ಲ ಅಭ್ಯಾಸವಿಲ್ಲದ ಸದ್ದಿಗೆ ಬೆಚ್ಚಿ ತಲೆ ತಗ್ಗಿಸಿದರು. ಆ ಒಂದು ಗಳಿಗೆಯಲ್ಲಿ ಅವಾಲೆ ಓಡಿದ. ಮನೆ ಕಡೆಗೇ ಓಡಬೇಕೆಂದಿದ್ದ, ಆಣೆ ಮಾಡಿ ಹೇಳಬಹುದು. ಕಾಲು ಲಾರಿಯ ಕಡೆ ಓಡಿತು. ದಹಬೊ ಬಾಗಿಲು ತೆಗೆದಳು. ಅವನು ಹತ್ತುವ ಅವಸರದಲ್ಲಿ ಚಪ್ಪಲಿ ಕಿತ್ತುಹೋಯಿತು. ಒಳಗೆ ಬಿದ್ದ. ಅವಳು ಮತ್ತೆ ಬಾಗಿಲು ಜಡಿದಳು.

"ಬಂದ್ಯಾ ಬಾಳೆಹಣ್ಣು? ಸೀಟಿ ಊದಿದ್ದಕ್ಕೇ ಗೊತ್ತಾಯ್ತು ಪೊಲೀಸಂತ. ಸರ್ಕಾರದ ಟೋಪಿ ಹಾಕ್ಕೊಂಡಿದ್ದಾಗ್ಲೂ ನಿಮ್ಮೋರು ಹೀಗೇ ಇಸ್ಕೋತಿದ್ರು. ಆದ್ರೆ ಒಬ್ಬನೂ ಹಿಂದೆ ಬಂದು ಕೂತೋನಲ್ಲ." ಆಮೇಲೆ ಕಿಟಕಿಯಿಂದ ಸೇತುವೆಗೆಲ್ಲ ಕೇಳುವಂತೆ ಕಿರುಚಿದಳು: "ನೋಡ್ರೋ! ನನ್ನ ಅಬ್ಬಾನ್ ಬಂದು ನನ್ನ ಪಕ್ಕ ಕೂತ! ಇನ್ನು ಇಡ್ರೋ ಬೆಂಕಿ!"

ಗಾಡಿಯ ಕೆಳಗೆ ಮಲಗಿದ್ದ ಮುದುಕನೊಬ್ಬ ದಿಗ್ಗನೆ ಎದ್ದ. ಅವನು ಶಬೇಲನ ಚಿಕ್ಕಪ್ಪ.

"ಏನಂದ್ಳು? ಅಬ್ಬಾನಾ? ಲೋ, ತಡಿಯೋ! ಯಾವ ಕುಲ ಅಂತ ಕೇಳಿದ್ಯಾ ಮೊದಲು?"

ಶಬೇಲ್ ಕೇಳಿರಲಿಲ್ಲ. ಮುದುಕ ಕಿಟಕಿಗೆ ಬಂದ. "ಅಪ್ಪಾ, ನಿನ್ನ ತಾತಂದಿರ ಹೆಸರು ಹೇಳು."

ಅವಾಲೆಯ ಬಾಯಲ್ಲಿ ಸೀಟಿ ಸಿಕ್ಕಿಕೊಂಡಿತ್ತು, ದವಡೆ ಬಿಡುತ್ತಿರಲಿಲ್ಲ. ನಮ್ಮಲ್ಲಿ ಪ್ರತಿ ಮಗುವೂ ಬಾಯಿಪಾಠ ಮಾಡುವ ಆ ಸಾಲನ್ನು ಅವನು ಸೀಟಿಯ ಮೂಲಕವೇ ಹೇಳತೊಡಗಿದ. ಅವಾಲೆ ಪೀ, ಡಿರಿಯೆ ಪೀ, ಗುತಾಲೆ ಪೀ. ಒಬ್ಬೊಬ್ಬ ತಾತನಿಗೂ ಒಂದೊಂದು ಸೀಟಿ. ಮುದುಕ ತಲೆ ಆಡಿಸುತ್ತ ಕೇಳಿದ. ಎಷ್ಟನೆಯದೋ ಪೀ ಬಂದಾಗ ಅವನ ಮುಖ ಇಳಿಯಿತು.

"ಶಬೇಲಾ, ಬಂದೂಕು ಕೆಳಗಿಡು. ಇವರು ಒಂಟೆ ಬಿಡೋ ಜನ ಅಲ್ಲ. ಕುಂಟ ಒಂಟೆ ಕೊಟ್ರೆ ವಾಪಸ್ ಅಟ್ಟಿ ಬೇರೇದು ಕೇಳ್ತಾರೆ. ಗಂಡಸಿನ ಜೀವ ತೆಗೆದ್ರೆ ನೂರು ಒಂಟೆ ದಂಡ, ಕುಲವೇ ಕಟ್ಟಬೇಕು. ನೀನು ಹೋದ ಸಲ ಕೊಂದವನದ್ದೇ ನಾವಿನ್ನೂ ತೀರಿಸ್ತಾ ಇದೀವಿ."

"ಇವನಿಗೆ ನೂರಾ?" ಶಬೇಲ್ ಕಿಟಕಿಯಲ್ಲಿ ಇಣುಕಿದ. "ಚಿಕ್ಕಪ್ಪಾ, ಇವನನ್ನ ಒಂದ್ಸಲ ಸರಿಯಾಗಿ ನೋಡು!"

"ನೋಡಿದೆ. ನನಗೂ ದುಬಾರಿ ಅನ್ಸತ್ತೆ. ಆದ್ರೆ ಕಟ್ಟಳೆ ತೂಕ ನೋಡಲ್ಲ. ನೀನು ಹೊಡೆಯೋದೇ ಆದ್ರೆ ಹೊಡಿ, ನನ್ನ ಮಂದೆಯಿಂದ ಒಂದು ಬಾಲಾನೂ ಬರಲ್ಲ."

"ನನ್ನನ್ನ ಹೊಡಿಯೋ!" ದಹಬೊ ಎದೆ ಮುಂದೆ ಮಾಡಿದಳು. "ಹೆಂಗಸು, ಐವತ್ತೇ ಒಂಟೆ! ಒಂಬತ್ತು ಹೆತ್ತಿದೀನಿ, ನಿನ್ನಂಥೋರನ್ನ ಹತ್ತು ಜನರನ್ನ ಸಾಕಿದೀನಿ, ಆದ್ರೂ ಅರ್ಧ ಬೆಲೆ. ತಗೋ, ಅಗ್ಗದಲ್ಲಿ ಮುಗಿಸು!"

ಅವಾಲೆಯ ಸೀಟಿ ಅವನ ಉಸಿರಿಗೆ ಸಣ್ಣಗೆ ಪೀ ಪೀ ಅನ್ನುತ್ತಿತ್ತು. ಶಬೇಲನ ಬೆರಳು ಬಂದೂಕಿನ ಕುದುರೆಯ ಮೇಲಿತ್ತು. ಅವನು ಅವಾಲೆಯ ಮುಖ ನೋಡಿದ, ಚಿಕ್ಕಪ್ಪನ ಮುಖ ನೋಡಿದ, ಮುಳುಗುತ್ತಿದ್ದ ಸೂರ್ಯನನ್ನು ನೋಡಿದ. ಜೀವ ಅಂತ ಅಲ್ಲ, ಒಂಟೆ ಅಂತ ನೋಡಿದ. ಆಮೇಲೆ ಎಲೆಯ ರಸ ಪಕ್ಕಕ್ಕೆ ಉಗುಳಿ, "ಅರ್ಧ ಹಣ್ಣು ಇಳಿಸ್ಕೊಳ್ರೋ. ಲಾರಿ ಬಿಡಿ," ಅಂದ.

*

ಮರುದಿನ ಚಹಾದಂಗಡಿಯಲ್ಲಿ ಅವಾಲೆಗೆ ಚಾಪೆಯ ನಡುವೆ ಜಾಗ. ಎರಡನೇ ಲೋಟ ಯಾರೋ ಕೇಳದೆಯೇ ತುಂಬಿದರು. ಭಯಕ್ಕೆ ಲಾರಿ ಹತ್ತಿದೆ ಅಂತ ಅವನು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ದೊಡ್ಡವರು ಹಾಗೇ ಹೇಳೋದು ಅಂದರು.

ವರ್ಸಮೆಯ ಗಂಟಲು ಆಗಲೇ ಏರಿತ್ತು. "ಪೊಲೀಸಿಲ್ಲ, ಕೋರ್ಟಿಲ್ಲ, ಜೈಲಿಲ್ಲ. ಆದ್ರೂ ಚಿರತೆ ಬಾಲ ಮುದುರಿಕೊಂತು. ಯಾಕೆ? ರೇಟು ಗಿಟ್ಟಲಿಲ್ಲ! ಇದೇ ಪೇಟೆ ಧರ್ಮ. ಕೊಲೆಗೂ ಒಂದು ಬೆಲೆ ಇದ್ರೆ ಸರ್ಕಾರ ಯಾಕ್ರಯ್ಯಾ?"

"ಬಾಯಿ ಮುಚ್ಚೋ," ಅಂದ ಹಾಜಿ ಕೊಶಿನ್. "ನಿನ್ನ ಪೇಟೆ ನಿನ್ನೆ ಫೋನಲ್ಲಿ ಮೆತ್ತಗೆ ಹೊಡೀತೀನಿ ಅಂತಿತ್ತು. ಕಾಪಾಡಿದ್ದು ಕಟ್ಟಳೆ. ಕುಲ ಇದ್ದವನಿಗೆ ಕೂದಲೂ ಕೊಂಕಲ್ಲ."

"ಆಯ್ತು, ಕಟ್ಟಳೆ ಅನ್ನಿ. ನೂರು ಒಂಟೆ ರೇಟು ಅಲ್ವಾ? ಅವಾಲೆ, ನೀನೇ ಹೇಳಪ್ಪ, ಒಳಗೆ ಕೂತಿದ್ದೋನು ನೀನು!"

ಎಲ್ಲರೂ ಅವಾಲೆಯ ಕಡೆ ತಿರುಗಿದರು. ಅವಾಲೆ ಗಂಟಲು ಸರಿಮಾಡಿಕೊಂಡ. ತಾನು ನೂರು ಒಂಟೆಯ ಮನುಷ್ಯ ಅಂತ ರಾತ್ರಿಯಿಡೀ ನೆನೆದು ಬಂದಿದ್ದ. ಒಂದೆರಡು ಮಾತೂ ಹೊಂದಿಸಿಕೊಂಡಿದ್ದ.

ಅಷ್ಟರಲ್ಲಿ ಕೆಳಗಿನಿಂದ, ಕಿತ್ತುಹೋದ ಅವನ ಚಪ್ಪಲಿಯನ್ನೇ ಹೊಲಿಯುತ್ತಿದ್ದ ಎಲ್ಮಿ ತಲೆಯೆತ್ತಿದ. ದನಿಯಲ್ಲಿ ಕೊಂಕಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ.

"ಅವಾಲೆಯಣ್ಣ, ನಿನ್ನೆ ಆ ಲಾರಿಯೊಳಗೆ ನಾನು ಕೂತಿದ್ದಿದ್ರೆ? ನನಗೆಷ್ಟು ಒಂಟೆ?"

ವರ್ಸಮೆ ಫೋನು ತೆಗೆದು ನೋಡತೊಡಗಿದ. ಹಾಜಿಯ ಜಪಮಣಿ ನಿಂತಿತು. ಚಹಾದವಳು ಒಲೆಯ ಕೆಂಡ ಕೆದಕತೊಡಗಿದಳು, ಕೆದಕುವ ಅಗತ್ಯವೇನೂ ಇರಲಿಲ್ಲ. ಎಲ್ಮಿ ದಾರ ಹಲ್ಲಲ್ಲಿ ಕಚ್ಚಿ ಹಿಡಿದು, ಸೂಜಿ ಎತ್ತಿ ಹಿಡಿದು, ಕಾಯುತ್ತಿದ್ದ.

ಅವಾಲೆ ಲೋಟ ಕೆಳಗಿಟ್ಟ. ಎದ್ದ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಕಾದ ಮಣ್ಣಿನ ಮೇಲೆ ಮನೆಯ ಕಡೆ ನಡೆದ. ಇನ್ನೊಂದು ಚಪ್ಪಲಿ ಎಲ್ಮಿಯ ಕೈಯಲ್ಲೇ ಉಳಿಯಿತು.